ಟ್ರಂಪ್‌ಗೂ ಮತ, ಮೂರಕ್ಕೂ ಮತ

ಬೆರಳಿಗೆ ಶಾಯಿ, ಒಂದು ಗುಂಡಿ, ಒಂದು ಬೀಪ್ ಸದ್ದು. ನಮ್ಮ ಕಡೆ ಮತದಾನ ಅಷ್ಟಕ್ಕೆ ಮುಗಿಯುತ್ತದೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಹಾಗಲ್ಲ. 2024ರ ನವೆಂಬರ್ 5ರ ಮತಪತ್ರದಲ್ಲಿ ಅಧ್ಯಕ್ಷರು, ಸೆನೆಟರ್, ಗವರ್ನರ್ ಇವರನ್ನು ಆರಿಸುವುದರ ಜೊತೆಗೆ ಇಂಥ ನ್ಯಾಯಾಧೀಶರನ್ನು ಮುಂದುವರಿಸಬೇಕೇ, ಕ್ರೀಡೆಗಳ ಮೇಲೆ ಬಾಜಿ ಕಟ್ಟಲು ಬಿಡಬೇಕೇ ಎಂಬುದನ್ನೂ ನಮ್ಮನ್ನೇ ಕೇಳಿದ್ದರು. ಆ ಉದ್ದದ ಹಾಳೆಯಲ್ಲಿ ನನಗೆ ಬೇಕಾಗಿದ್ದದ್ದು ಎರಡು ಪ್ರಶ್ನೆಗಳು. ಒಂದು, ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ 3ನೇ ತಿದ್ದುಪಡಿ. ಇನ್ನೊಂದು, ಕನಿಷ್ಠ ವೇತನವನ್ನು ಗಂಟೆಗೆ 15 ಡಾಲರ್‌ಗೆ ಏರಿಸಿ ಸಂಬಳಸಹಿತ ಅನಾರೋಗ್ಯ ರಜೆ ಕೊಡಿಸುವ ‘ಪ್ರಸ್ತಾವ ಎ’. ನಾನು ಅಮೆರಿಕದ ಪೌರತ್ವ ಪಡೆದ ಮೇಲೆ ಬಂದ ಮೊದಲ ಅಧ್ಯಕ್ಷೀಯ ಚುನಾವಣೆ ಅದು.

ಸ್ವಲ್ಪ ಹಿಂದಿನದನ್ನು ಹೇಳಬೇಕು. ಗರ್ಭಪಾತವನ್ನು ದೇಶದುದ್ದಕ್ಕೂ ಹಕ್ಕಾಗಿಸಿದ್ದ 1973ರ ‘ರೋ’ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ರದ್ದುಮಾಡಿದಾಗ, ಕೆಲವೇ ನಿಮಿಷಗಳಲ್ಲಿ ನಿಷೇಧ ಜಾರಿಗೆ ತಂದ ರಾಜ್ಯ ಮಿಸೌರಿ. 2019ರಲ್ಲೇ ಕಾನೂನು ಬರೆದಿಟ್ಟುಕೊಂಡು ಕಾಯುತ್ತಿದ್ದರು. ಅತ್ಯಾಚಾರದಿಂದ ಬಸಿರಾದವಳಿಗೂ ವಿನಾಯಿತಿ ಇರಲಿಲ್ಲ. ವೈದ್ಯಕೀಯ ತುರ್ತು ಒಂದೇ ಕಿಂಡಿ. ತಪ್ಪಿ ನಡೆದ ವೈದ್ಯರಿಗೆ 5ರಿಂದ 15 ವರ್ಷ ಜೈಲು. ಅದರ ವಿರುದ್ಧ ಸಹಿ ಸಂಗ್ರಹಿಸಿ ಜನಮತಕ್ಕೆ ತಂದದ್ದೇ 3ನೇ ತಿದ್ದುಪಡಿ. ಅದನ್ನು ಮತಪತ್ರದಿಂದ ಕಿತ್ತುಹಾಕಬೇಕೆಂಬ ಪ್ರಯತ್ನ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ 4–3ರ ಅಂತರದಲ್ಲಿ ಸೋತದ್ದು ಸೆಪ್ಟೆಂಬರ್ 10ರಂದು. ಚುನಾವಣೆಗೆ ಎರಡು ತಿಂಗಳೂ ಉಳಿದಿರಲಿಲ್ಲ.

ನವೆಂಬರ್ 3, ಭಾನುವಾರ. ಸೇಂಟ್ ಲೂಯಿಸ್‌ನ ದಕ್ಷಿಣದ ಬಡಾವಣೆಗಳಲ್ಲಿ ಮನೆಮನೆ ಸುತ್ತಲು ಹೊರಟೆವು. ನಮ್ಮದು ಎಡಪಂಥೀಯರ ಸಣ್ಣ ಗುಂಪು: ಒಬ್ಬ ಶಾಲಾ ಮೇಷ್ಟ್ರು, ಪಾರ್ಸೆಲ್ ವ್ಯಾನ್ ಓಡಿಸುವ ಒಬ್ಬ ಹುಡುಗ, ಇಬ್ಬರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಒಬ್ಬರು ನಿವೃತ್ತ ನರ್ಸ್, ಸಾಫ್ಟ್‌ವೇರ್‌ನವಳು ನಾನು. ಎರಡೂ ಪ್ರಸ್ತಾವಗಳ ಕರಪತ್ರಗಳನ್ನು ಒಟ್ಟಿಗೆ ಹಂಚಬೇಕೆಂದು ನಾವೇ ತೀರ್ಮಾನಿಸಿದ್ದೆವು. ಬಾಗಿಲಲ್ಲಿ ನಿಂತಾಗ ಕಮಲಾ ಹ್ಯಾರಿಸ್ ಹೆಸರೆತ್ತಬಾರದು ಎಂಬುದು ನರ್ಸಮ್ಮ ಹಾಕಿದ ಕಟ್ಟುಪಾಡು. ವಿದ್ಯಾರ್ಥಿಗಳಿಗೆ ಇದು ಖುಷಿ ಕೊಟ್ಟಿತು, ಹ್ಯಾರಿಸ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ನನಗೆ ಮಾತ್ರ ಕಸಿವಿಸಿ. ಚುನಾವಣೆಗೆ ಎರಡು ದಿನವಿರುವಾಗ ಅಭ್ಯರ್ಥಿಯ ಹೆಸರು ನುಂಗಿಕೊಂಡು ಪ್ರಚಾರ ಮಾಡುವುದು ಎಂಥ ರಾಜಕಾರಣ?

ಅಂಗಳದಲ್ಲಿ ಟ್ರಂಪ್ ಫಲಕ ನೆಟ್ಟಿದ್ದ ಮನೆಯೊಂದನ್ನು ದಾಟಿ ಹೋಗಲು ನೋಡಿದೆ. ನರ್ಸಮ್ಮ ಬಿಡಲಿಲ್ಲ, ನೇರ ಹೋಗಿ ಬಾಗಿಲು ತಟ್ಟಿದರು. ಫೆಂಟನ್‌ನ ಕಾರು ಕಾರ್ಖಾನೆಯಲ್ಲಿ ಅದು ಮುಚ್ಚುವವರೆಗೆ ದುಡಿದಿದ್ದ ಮುದುಕ. ವೇತನದ ಕರಪತ್ರ ಓದಿ, “ಇದಕ್ಕೆ ಹೌದು, ಹೇಳಬೇಕಾದ್ದೇ ಇಲ್ಲ” ಎಂದ. 2018ರಲ್ಲಿ ಕಾರ್ಮಿಕ ಸಂಘಗಳ ಬೆನ್ನು ಮುರಿಯುವ ಕಾಯ್ದೆಯನ್ನು ಇದೇ ಮಿಸೌರಿಯ ಮತದಾರರು ಮೂರನೇ ಎರಡರಷ್ಟು ಮತಗಳಿಂದ ಹೊಡೆದುಹಾಕಿದ್ದರು; ಆಗ ಅವನೂ ಬಾಗಿಲು ಬಾಗಿಲು ತಟ್ಟಿದ್ದನಂತೆ. ಗರ್ಭಪಾತದ ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಬಂದರೆ ಮಕ್ಕಳಿಗೆ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡುತ್ತಾರಂತೆ, ನಿಜವೇ?” ಎಂದು ಕೇಳಿದ. ಎದುರಾಳಿಗಳು ಊರ ತುಂಬ ಹಬ್ಬಿಸಿದ್ದ ಮಾತು ಅದು. ನರ್ಸಮ್ಮ ತಿದ್ದುಪಡಿಯ ಪೂರ್ತಿ ಪಠ್ಯವನ್ನೇ ಅವನ ಕೈಗಿಟ್ಟು, “ಎಲ್ಲಿದೆ ತೋರಿಸಿ” ಎಂದರು. ಅವನು ಕನ್ನಡಕ ತಂದು ನಿಂತಲ್ಲೇ ಓದಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. “ಹೆಂಡತಿಯ ಹತ್ತಿರ ಕೇಳುತ್ತೇನೆ” ಎಂದು ಬಾಗಿಲು ಹಾಕಿಕೊಂಡ.

ಇನ್ನೊಂದು ಮನೆಯಲ್ಲಿ ವೃದ್ಧಾಶ್ರಮದ ಸಹಾಯಕಿಯೊಬ್ಬಳು ಸಮವಸ್ತ್ರದಲ್ಲೇ ಬಂದಳು. ರಾತ್ರಿಪಾಳಿ ಮುಗಿಸಿ ಬಂದವಳ ನಿದ್ದೆ ಕೆಡಿಸಿದ್ದೆವು. ಆದರೂ ಮಾತಾಡಿದಳು. ಮಗನಿಗೆ ಜ್ವರ ಬಂದ ದಿನ ಕೆಲಸಕ್ಕೆ ಹೋಗದಿದ್ದರೆ ಅಂದಿನ ಸಂಬಳ ಖೋತಾ, ಹೋದರೆ ಮಗುವನ್ನು ನೋಡುವವರಿಲ್ಲ. ಆಗ ಮಿಸೌರಿಯ ಕನಿಷ್ಠ ವೇತನ 12 ಡಾಲರ್ 30 ಸೆಂಟ್. ಅವಳಿಗೆ ಸಿಗುತ್ತಿದ್ದದ್ದು ಅದಕ್ಕಿಂತ ತುಸು ಹೆಚ್ಚು. “ಎ ಗೆ ಹೌದು, ಮೂರಕ್ಕೂ ಹೌದು. ನನ್ನ ಹೊಟ್ಟೆಯ ವಿಷಯ ರಾಜಧಾನಿಯ ಗಂಡಸರಿಗೆ ಯಾಕೆ?” ಎಂದಳು. ನಾನು ತಡೆಯಲಾರದೆ ಅಧ್ಯಕ್ಷರಿಗೆ ಯಾರೆಂದು ಕೇಳಿಬಿಟ್ಟೆ. ನರ್ಸಮ್ಮ ನನ್ನತ್ತ ಕಣ್ಣು ಬಿಟ್ಟರು. ಅವಳು ಮಾತ್ರ ಸಂಕೋಚವಿಲ್ಲದೆ ಹೇಳಿದಳು: “ಟ್ರಂಪ್‌ಗೆ. ಅವನಿದ್ದಾಗ ದಿನಸಿ ಇಷ್ಟು ದುಬಾರಿ ಇರಲಿಲ್ಲ.”

ಅಂದೇ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಐದಕ್ಕೆಲ್ಲ ಕತ್ತಲಾಯಿತು. ಎಲ್ಲರೂ ನರ್ಸಮ್ಮನ ಅಡುಗೆಮನೆಯಲ್ಲಿ ಸೂಪು, ಬ್ರೆಡ್ಡಿನ ಸುತ್ತ ಸೇರಿದೆವು. ಸೂಪು ಆರುವ ಮೊದಲೇ ಜಗಳ ಶುರುವಾಯಿತು.

ವಿದ್ಯಾರ್ಥಿಗಳಲ್ಲಿ ಒಬ್ಬಳು ಹ್ಯಾರಿಸ್‌ಗೆ ಮತ ಹಾಕುವುದಿಲ್ಲ ಎಂದಳು. ಗಾಜಾದಲ್ಲಿ ಬೀಳುವ ಬಾಂಬಿಗೆ ತನ್ನ ಮತದ ಮುದ್ರೆ ಬೇಡವೆಂದು. ಸೇಂಟ್ ಲೂಯಿಸ್‌ನಲ್ಲಿ ಈ ಗಾಯ ಹಸಿಯಾಗಿತ್ತು. ನಮ್ಮ ಕಾಂಗ್ರೆಸ್ ಸದಸ್ಯೆ ಕೋರಿ ಬುಷ್ ಕದನವಿರಾಮಕ್ಕೆ ಮೊದಮೊದಲೇ ದನಿಯೆತ್ತಿದವರು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಆಗಸ್ಟಿನ ಪ್ರಾಥಮಿಕ ಚುನಾವಣೆಯಲ್ಲಿ ಇಸ್ರೇಲ್ ಪರ ಗುಂಪೊಂದು ಅವರ ವಿರುದ್ಧ 80 ಲಕ್ಷ ಡಾಲರ್‌ಗೂ ಮಿಕ್ಕಿ ಸುರಿದಿತ್ತು, ಅವರು ವೆಸ್ಲಿ ಬೆಲ್ ಎದುರು ಸೋತಿದ್ದರು. ಮೇಷ್ಟ್ರು, “ಮಿಸೌರಿಯಲ್ಲಿ ಟ್ರಂಪ್ ಗೆಲ್ಲುವುದು ಖಚಿತ, ನಿನ್ನ ಮತದಿಂದ ಏನೂ ಬದಲಾಗದು, ಬೇಕಾದಂತೆ ಮಾಡು” ಎಂದರು. ಅವಳಿಗೆ ಅದು ಇನ್ನೂ ದೊಡ್ಡ ಅವಮಾನವಾಗಿ ಕಂಡಿತು.

ಅಲ್ಲಿಂದ ಮಾತು 3ನೇ ತಿದ್ದುಪಡಿಗೆ ಹೊರಳಿತು. ಭ್ರೂಣವು ಗರ್ಭದ ಹೊರಗೆ ಬದುಕಬಲ್ಲ ಹಂತ ತಲುಪಿದ ಮೇಲೆ ಸರ್ಕಾರ ನಿರ್ಬಂಧ ಹೇರಬಹುದು ಎಂಬ ಮಾತು ಅದರಲ್ಲಿತ್ತು. ಇದು ಶರಣಾಗತಿ ಎಂದು ಇನ್ನೊಬ್ಬ ವಿದ್ಯಾರ್ಥಿ ವಾದಿಸಿದ. ಹಕ್ಕು ಚಳವಳಿಯ ಒಳಗೇ ಈ ಒಡಕು ತಿಂಗಳುಗಟ್ಟಲೆ ನಡೆದಿತ್ತು. ವ್ಯಾನ್ ಹುಡುಗನ ತಕರಾರು ಬೇರೆಯೇ. “ಗರ್ಭಪಾತ, ಗರ್ಭಪಾತ ಎಂದು ಕೂಗಿದ್ದು ಸಾಕು. ಕೆಲಸಗಾರನ ಎದುರು ಸಂಬಳದ ಮಾತಾಡಿ. ಕೇಂದ್ರದ ಕನಿಷ್ಠ ವೇತನ 2009ರಿಂದ ಏಳೂಕಾಲು ಡಾಲರ್‌ನಲ್ಲೇ ನಿಂತಿದೆ. ಉಳಿದದ್ದು ಆಮೇಲೆ” ಎಂದ.

‘ಉಳಿದದ್ದು ಆಮೇಲೆ’ ಎಂಬ ಮಾತು ನನಗೆ ಹಳೆಯ ಪರಿಚಯದ್ದು. ನನ್ನ ಊರು ಸಾಗರದ ಹತ್ತಿರ. 1951ರ ಕಾಗೋಡು ಸತ್ಯಾಗ್ರಹದ ಕತೆ ಕೇಳುತ್ತ ಬೆಳೆದವಳು ನಾನು. ಅಪ್ಪ ಗೋಪಾಲಗೌಡರ ಕಾಲದ ಸಮಾಜವಾದಿ. ಮೊದಲು ಉಳುವವನಿಗೆ ಭೂಮಿ, ಹೆಂಗಸರ ಪ್ರಶ್ನೆ ಆಮೇಲೆ ಎಂದು ನಮ್ಮ ಜಗುಲಿಯಲ್ಲೂ ಸರದಿ ಗೊತ್ತುಮಾಡಿದ್ದರು. ಭೂಮಿ ಬಂತು, 1974ರ ಭೂಸುಧಾರಣೆಯಲ್ಲಿ. ಪಹಣಿಯಲ್ಲಿ ಮಾತ್ರ ಅಮ್ಮಂದಿರ ಹೆಸರು ಕಾಣಲಿಲ್ಲ.

ನಾನು ಇದನ್ನು ಹೇಳುವ ಮೊದಲೇ ನರ್ಸಮ್ಮ ಹುಡುಗನಿಗೆ ಲೆಕ್ಕ ಒಪ್ಪಿಸತೊಡಗಿದರು. ರಾಲಾ ಪಟ್ಟಣದ ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬಳಿಗೆ ಗರ್ಭಪಾತ ಬೇಕಾಗಿದೆ ಎಂದುಕೊಳ್ಳಿ. ಮಿಸ್ಸಿಸಿಪ್ಪಿ ನದಿ ದಾಟಿ ಇಲಿನಾಯ್ ರಾಜ್ಯದ ಫೇರ್‌ವ್ಯೂ ಹೈಟ್ಸ್‌ಗೋ ಗ್ರಾನೈಟ್ ಸಿಟಿಗೋ ಹೋಗಬೇಕು, ಒಂದು ಕಡೆಗೇ ಇನ್ನೂರು ಕಿಲೋಮೀಟರ್ ಹತ್ತಿರ. ಹೋಗುವ ದಿನದ ಸಂಬಳ ಹೋಯಿತು. ಮರುದಿನ ಏಳಲಾಗದಿದ್ದರೆ ಅದೂ ಹೋಯಿತು. ಮಗುವಿದ್ದರೆ ನೋಡಿಕೊಳ್ಳುವವರಿಗೆ ದುಡ್ಡು, ಪೆಟ್ರೋಲು, ಚಿಕಿತ್ಸೆಯ ಖರ್ಚು. “ಈಗ ಹೇಳು, ಇದರಲ್ಲಿ ಯಾವುದು ಸಂಬಳದ ಪ್ರಶ್ನೆ, ಯಾವುದು ಹೆಂಗಸಿನ ಪ್ರಶ್ನೆ? ಗೆರೆ ಎಲ್ಲಿ ಎಳೆಯುತ್ತೀಯ?” ಹುಡುಗ ಬ್ರೆಡ್ಡು ಮುರಿಯುತ್ತ ಕುಳಿತ. ಆ ಅಡುಗೆಮನೆಯಲ್ಲಿ ಅಂದು ಕೇಳಿದ ಒಂದೇ ಒಂದು ಪಕ್ಕಾ ಅರ್ಥಶಾಸ್ತ್ರದ ಮಾತು ಅದು ಎಂದು ನನಗೆ ಈಗಲೂ ಅನಿಸುತ್ತದೆ. ಎರಡನ್ನೂ ಬೇರೆ ಬೇರೆ ಡಬ್ಬಿಗಳಿಗೆ ಹಾಕಿದವರು ನಾವು. ರಾತ್ರಿಪಾಳಿಯ ಆ ಸಹಾಯಕಿ ಹಾಕಿರಲಿಲ್ಲ.

ನನ್ನ ಸರದಿ ಬಂದಾಗ ಸವಿತಾ ಹಾಲಪ್ಪನವರ್ ಬಗ್ಗೆ ಹೇಳಿದೆ. ಬಾಗಲಕೋಟೆಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ. ವಯಸ್ಸು 31. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ, ಹದಿನೇಳು ವಾರದ ಬಸಿರು ಉಳಿಯದೆಂದು ಗೊತ್ತಿದ್ದರೂ ಭ್ರೂಣದ ಎದೆಬಡಿತ ನಿಲ್ಲುವವರೆಗೆ ಗರ್ಭಪಾತ ಸಿಗದೆ, ನಂಜೇರಿ ತೀರಿಕೊಂಡರು. 2018ರ ಮೇ 25ರಂದು ಐರ್ಲೆಂಡಿನ ಜನಮತದಲ್ಲಿ ಶೇ 66.4ರಷ್ಟು ಮಂದಿ ಆ ನಿಷೇಧವನ್ನು ಕಿತ್ತುಹಾಕಿದರು. ಬೆಳಗಾವಿಯಿಂದ ಅವರ ತಂದೆತಾಯಿಯೂ ಹಾಗೇ ಮತ ಹಾಕುವಂತೆ ಕೇಳಿಕೊಂಡಿದ್ದರು. ಮೇಷ್ಟ್ರಿಗೆ ಸವಿತಾ ಹೆಸರು ಗೊತ್ತಿತ್ತು. ಅವರು ನನ್ನ ಭಾಷೆಯವರೆಂದು ಗೊತ್ತಿರಲಿಲ್ಲ.

“ಹಾಗಾದರೆ ಭಾರತದಲ್ಲಿ ಈ ಜಗಳ ಇಲ್ಲವೇ?” ಎಂದು ವಿದ್ಯಾರ್ಥಿನಿ ಕೇಳಿದಳು. ಇಲ್ಲ, ಆದರೆ ಅದನ್ನು ಮೆರೆಸಬೇಕಿಲ್ಲ. 1971ರಲ್ಲಿ ಸಂಸತ್ತು ಗರ್ಭಪಾತ ಕಾಯ್ದೆ ತಂದದ್ದು ಹೆಣ್ಣಿನ ಹಕ್ಕೆಂದಲ್ಲ, ವೈದ್ಯರ ವಿವೇಚನೆಗೆ ಬಿಟ್ಟ ವಿಷಯವೆಂದು. ಜನಸಂಖ್ಯೆಯ ಚಿಂತೆಯೂ ಹಿಂದಿತ್ತು. ಅವಿವಾಹಿತೆಗೂ 24 ವಾರದವರೆಗೆ ಅದೇ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ಇನ್ನು ಗರ್ಭಪಾತ ಎಂದರೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ಹೆಣ್ಣುಭ್ರೂಣ ಹತ್ಯೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತಲ್ಲ. ಹಿಂದಿನ ದಿನವಷ್ಟೇ, ಬಲಿಪಾಡ್ಯಮಿಯ ಊಟದಲ್ಲಿ ಕನ್ನಡಿಗರೊಬ್ಬರು ನನ್ನನ್ನು ಇದೇ ವಿಷಯದಲ್ಲಿ ತಡವಿದ್ದರು: “ಅಲ್ಲ ಮೇಡಂ, ಊರಿನಲ್ಲಿ ಭ್ರೂಣಹತ್ಯೆ ನಿಲ್ಲಿಸಿ ಎನ್ನುತ್ತೀರಿ, ಇಲ್ಲಿ ಬಂದು ಹಕ್ಕು ಎನ್ನುತ್ತೀರಿ.” ಮಂಡ್ಯದಲ್ಲಿ ಹೆಂಗಸಿನ ಮೇಲೆ ಮನೆಯವರ ಒತ್ತಾಯ, ಮಿಸೌರಿಯಲ್ಲಿ ಸರ್ಕಾರದ ಒತ್ತಾಯ, ಎರಡೂ ಕಡೆ ಅವಳನ್ನು ಕೇಳಿದವರಿಲ್ಲ ಎಂದೆ. ಅವರು ಹೋಳಿಗೆ ಬಡಿಸಿಕೊಂಡು ತೆರಿಗೆಯ ಮಾತೆತ್ತಿದರು.

ಫಲಿತಾಂಶ ಎಲ್ಲರಿಗೂ ಗೊತ್ತಿರುವುದೇ. ಮಿಸೌರಿಯಲ್ಲಿ ಟ್ರಂಪ್‌ಗೆ ಶೇ 58ಕ್ಕೂ ಹೆಚ್ಚು ಮತ, ಹ್ಯಾರಿಸ್‌ಗೆ ಶೇ 40. ಅದೇ ಹಾಳೆಗಳಲ್ಲಿ 3ನೇ ತಿದ್ದುಪಡಿಗೆ ಶೇ 51.6, ವೇತನದ ಪ್ರಸ್ತಾವಕ್ಕೆ ಶೇ 57ಕ್ಕೂ ಹೆಚ್ಚು. ಹ್ಯಾರಿಸ್‌ಗೆ ಬಂದದ್ದು ಸುಮಾರು 12 ಲಕ್ಷ ಮತ, ಗರ್ಭಪಾತದ ಹಕ್ಕಿಗೆ ಸುಮಾರು 15 ಲಕ್ಷ. ನಡುವಿನ ಮೂರು ಲಕ್ಷದಲ್ಲಿ ಆ ಸಹಾಯಕಿಯೂ ಇದ್ದಿರಬೇಕು. ಡೆಮಾಕ್ರಟಿಕ್ ಪಕ್ಷ ದುಡಿಯುವವರ ಕೈಬಿಟ್ಟಿದ್ದಕ್ಕೆ ದುಡಿಯುವವರು ಅದರ ಕೈಬಿಟ್ಟರು ಎಂದು ಎಡಪಂಥೀಯ ಸೆನೆಟರ್ ಬರ್ನೀ ಸ್ಯಾಂಡರ್ಸ್ ಮರುದಿನವೇ ಹೇಳಿದರು. ನಮ್ಮ ವ್ಯಾನ್ ಹುಡುಗ ಅದನ್ನು ಎಲ್ಲರಿಗೂ ಕಳಿಸಿದ. ಸರಿಯೇ. ಆದರೆ ವೇತನ, ಗರ್ಭಪಾತ ಎರಡಕ್ಕೂ ಹೌದೆಂದವಳನ್ನು ಹ್ಯಾರಿಸ್ ಯಾಕೆ ತಲುಪಲಿಲ್ಲ ಎಂಬುದಕ್ಕೆ ಸ್ಯಾಂಡರ್ಸ್ ಮಾತು ಅರ್ಧ ಉತ್ತರ ಮಾತ್ರ. ಪಕ್ಷದ ಹೆಸರೇ ಅವಳ ಬಾಗಿಲಲ್ಲಿ ಅಡ್ಡಿಯಾಗಿತ್ತು. ಆ ಹೆಸರು ಎತ್ತದೆ ನಾವು ಗೆದ್ದೆವು. ಎತ್ತದೆ ಇದ್ದುದಕ್ಕೆ ಬೆಲೆಯನ್ನೂ ತೆತ್ತೆವು, ಯಾಕೆಂದರೆ ಶಾಸನಸಭೆ ಅದೇ ರಿಪಬ್ಲಿಕನ್ನರ ಕೈಯಲ್ಲಿ ಉಳಿಯಿತು.

ಅವರು ಸುಮ್ಮನೆ ಕೂರಲಿಲ್ಲ. ಪ್ರಸ್ತಾವ ಎ ಬರಿಯ ಕಾಯ್ದೆ, ಸಂವಿಧಾನ ತಿದ್ದುಪಡಿಯಲ್ಲ. ಶಾಸಕರು ಅದನ್ನು ಬದಲಿಸಬಹುದು. ಅನಾರೋಗ್ಯ ರಜೆ 2025ರ ಮೇ 1ರಂದು ಜಾರಿಗೆ ಬಂತು. ಜುಲೈ 10ರಂದು ಗವರ್ನರ್ ಮೈಕ್ ಕೀಹೋ ಅದನ್ನು ರದ್ದುಮಾಡುವ ಮಸೂದೆಗೆ ಸಹಿ ಹಾಕಿದರು. ಆಗಸ್ಟ್ 28ಕ್ಕೆ ರಜೆ ಮುಗಿಯಿತು. ಮೂವತ್ತು ಗಂಟೆ ದುಡಿದರೆ ಒಂದು ಗಂಟೆ ರಜೆ ಎಂಬ ಲೆಕ್ಕದಲ್ಲಿ, ವಾರಕ್ಕೆ ನಲವತ್ತು ಗಂಟೆ ದುಡಿದವಳಿಗೂ ಅಷ್ಟರಲ್ಲಿ ಕೂಡಿದ್ದು ಇಪ್ಪತ್ಮೂರು ಗಂಟೆಯೊಳಗೆ. ಹದಿನೈದು ಡಾಲರ್ ಉಳಿಯಿತು, ಬೆಲೆಯೇರಿಕೆಗೆ ತಕ್ಕಂತೆ ವೇತನ ಏರಬೇಕೆಂಬ ನಿಯಮ ಹೋಯಿತು. ಗರ್ಭಪಾತ ಸೇವೆಯದು ಕೋರ್ಟಿನ ಹಗ್ಗಜಗ್ಗಾಟ: ತೆರೆಯಿತು, 2025ರ ಮೇ ಕೊನೆಯಲ್ಲಿ ನಿಂತಿತು, ಜುಲೈನಲ್ಲಿ ಮತ್ತೆ ತೆರೆಯಿತು. ಇಷ್ಟರ ನಡುವೆ ಶಾಸಕರು 3ನೇ ತಿದ್ದುಪಡಿಯನ್ನೇ ಅಳಿಸುವ ಹೊಸ ಪ್ರಶ್ನೆಯನ್ನು 2026ರ ಮತದಾನಕ್ಕೆ ಇಟ್ಟರು. ಮಕ್ಕಳ ಲಿಂಗ ಬದಲಾವಣೆಯ ಚಿಕಿತ್ಸೆಗೆ ನಿಷೇಧವನ್ನು ಈ ಸಲ ಅವರೇ ಅದರೊಳಗೆ ಸೇರಿಸಿದ್ದಾರೆ.

ರಜೆ ರದ್ದಾದ ವಾರ ನಮ್ಮ ಗುಂಪು ಮತ್ತೆ ಸೇರಿತ್ತು. ಇನ್ನು ಎಲ್ಲವನ್ನೂ ಸಂವಿಧಾನಕ್ಕೇ ಬರೆಸಬೇಕು ಎಂದರು ಮೇಷ್ಟ್ರು. ಬರೆಸಿದ್ದನ್ನೇ ಅಳಿಸಲು ಹೊರಟಿದ್ದಾರಲ್ಲ ಎಂದಳು ವಿದ್ಯಾರ್ಥಿನಿ. ಹಾಗಾದರೆ ಶಾಸನಸಭೆಗೆ ನಮ್ಮಲ್ಲೇ ಒಬ್ಬರು ನಿಲ್ಲಬಹುದಲ್ಲ ಎಂದು ನಾನು ಕೇಳಿದೆ. ಗಾಜಾ, ಹ್ಯಾರಿಸ್, ಸ್ಯಾಂಡರ್ಸ್ ಎಂದರೆ ಮಧ್ಯರಾತ್ರಿಯವರೆಗೆ ಕಾದಾಡುವ ಜನ ಅದಕ್ಕೆ ಬಾಯಿಬಿಡಲಿಲ್ಲ. ಕೊನೆಗೆ ನರ್ಸಮ್ಮ ವ್ಯಾನ್ ಹುಡುಗನ ಕಡೆ ನೋಡಿ, ಅಭ್ಯರ್ಥಿಯಾಗಲು ವಯಸ್ಸು ಇಪ್ಪತ್ನಾಲ್ಕು ಆಗಿರಬೇಕು, ನಿನಗೆಷ್ಟು ಎಂದು ಕೇಳಿದರು.