ಕಣು ಒತಬೇಡಿ

"ಎಲ್ಲಾ ಹ್ಯಾಂಡ್‌ಔಟ್‌ಗಳೂ ಆಕ್ಸೆಸಿಬಲ್ ಫಾಂಟ್‌ನಲ್ಲೇ ಇರಬೇಕು" ಅಂತ ಮೊನ್ನೆ ಮತ್ತೊಂದು ಮೇಲ್ ಬಂತು. ಹಳೇ ಪ್ರೂಫ್ ನೆನಪಾಗಿ ಮೈ ಉರಿಯಿತು.

ಕಣ್ಣಿನ ಆಸ್ಪತ್ರೆಯೊಂದರಲ್ಲಿ ಡಿಟಿಪಿ ಕೆಲಸ ನನ್ನದು. ಪೊರೆ ಆಪರೇಷನ್ ಆದವರಿಗೆ ಕೊಡುವ ಸೂಚನೆ ಹಾಳೆಯನ್ನು ಹೊಸದಾಗಿ ಮಾಡಬೇಕಿತ್ತು. ಮ್ಯಾನೇಜ್‌ಮೆಂಟ್ ಫಾಂಟ್ ಮೊದಲೇ ಆರಿಸಿಬಿಟ್ಟಿತ್ತು: ಅಟ್ಕಿನ್ಸನ್ ಹೈಪರ್‌ಲೆಜಿಬಲ್. ಒಳ್ಳೇ ಫಾಂಟೇ. ದೃಷ್ಟಿ ಕಡಿಮೆ ಇರುವವರಿಗಾಗಿ ಅಮೆರಿಕದ ಬ್ರೈಲ್ ಇನ್‌ಸ್ಟಿಟ್ಯೂಟ್ 2019ರಲ್ಲಿ ತಂದದ್ದು. ಇಂಗ್ಲಿಷಿನ ದೊಡ್ಡ ಐ, ಸಣ್ಣ ಎಲ್, ಅಂಕಿ 1 ಇವುಗಳಲ್ಲಿ ಯಾವುದು ಯಾವುದು ಅಂತ ತಕ್ಷಣ ತಿಳಿಯುತ್ತದೆ. ಆದರೆ ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ! ವರ್ಡ್‌ನಲ್ಲಿ ಸೆಲೆಕ್ಟ್ ಆಲ್ ಮಾಡಿ ಹಾಕಿದರೆ ಇಂಗ್ಲಿಷ್ ಮಾತ್ರ ಬದಲಾಯಿತು. ಕನ್ನಡ ಸುಮ್ನೆ ವಿಂಡೋಸಿನದೇ ಫಾಂಟಾದ ನಿರ್ಮಲಾ ಯುಐಯಲ್ಲೇ ಕೂತಿತ್ತು. ಮ್ಯಾನೇಜ್‌ಮೆಂಟಿಗೆ ಹೇಳಿ ನೋಡಿದೆ. "ಫಾಂಟ್ ಬಾಕ್ಸಿನಲ್ಲಿ ಹೆಸರು ಬರ್ತಿದೆಯಲ್ಲ?" ಅಂದರು.

ಸರಿ, ಕನ್ನಡಕ್ಕೆ ನಾನೇ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದೆ. ಸೈಜ್ 16, ಎಲ್ಲಾ ಬೋಲ್ಡ್. ದಪ್ಪಗಿದ್ದರೆ ಅಜ್ಜ, ಅಜ್ಜಿಯರಿಗೆ ಚೆನ್ನಾಗಿ ಕಾಣುತ್ತದೆ ಅನ್ನುವುದು ನನ್ನ ಲೆಕ್ಕ. ಎರಡೇ ಪುಟದಲ್ಲಿ ಮುಗಿಯಬೇಕು ಅಂತ ಬೇರೆ ಆರ್ಡರ್ ಇತ್ತಲ್ಲ, ಲೈನ್ ಸ್ಪೇಸಿಂಗನ್ನು 'ಎಕ್ಸಾಕ್ಟ್ಲಿ'ಗೆ, ಅಂದರೆ ಅಕ್ಷರ ಎಷ್ಟೇ ಇಳಿದರೂ ಬದಲಾಗದ ಅಳತೆಗೆ, ಹಾಕಿ ಬಿಗಿ ಮಾಡಿದೆ.

ಪ್ರೂಫ್ ಮೀಟಿಂಗಿನಲ್ಲಿ ಹಿರಿಯ ಸಿಸ್ಟರ್ ಒಬ್ಬರು ಹಾಳೆಯನ್ನು ಜೋರಾಗಿ ಓದತೊಡಗಿದರು. "ಕಣು ಒತಬೇಡಿ." ನಿಲ್ಲಿಸಿ ನನ್ನ ಕಡೆ ನೋಡಿದರು. ಯಾರೂ ನಗಲಿಲ್ಲ. ಸಾಲಿನ ಕೆಳಗಿಳಿಯುವ ಒತ್ತುಗಳೆಲ್ಲ ಕತ್ತರಿಸಿಹೋಗಿದ್ದವು. 'ಶಸ್ತ್ರಚಿಕಿತ್ಸೆ'ಯ 'ಸ್ತ್ರ'ದಲ್ಲಂತೂ ಎರಡು ಒತ್ತು, ಎರಡೂ ಮಾಯ. ಪ್ರೆಸ್ಸಿನ ಹುಡುಗ ಬಾಗಿಲಲ್ಲಿ ಕಾಯುತ್ತಿದ್ದ. "ಪ್ರಿಂಟರ್ ಪ್ರಾಬ್ಲಮ್ ಇರಬೇಕು" ಅಂದೆ, ತುಂಬಾ ಧೈರ್ಯವಾಗಿ. ಸಿಸ್ಟರ್ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಸ್ಕ್ರೀನಿನಲ್ಲೂ ಒತ್ತು ಇರಲಿಲ್ಲ.

ಅಷ್ಟಕ್ಕೇ ಬಿಡದೆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ತಂದರು. ವಾರ್ಡಿನಲ್ಲಿ ಕೊಡುವುದು ಜೆರಾಕ್ಸಿನ ಜೆರಾಕ್ಸನ್ನೇ ಅಲ್ವಾ? ಬೋಲ್ಡ್ ಆಗಿದ್ದ ಧ, ಭ, ಫಗಳ ಕೆಳಗಿನ ಸೀಳು ಶಾಯಿಯಲ್ಲಿ ಮುಚ್ಚಿಹೋಗಿತ್ತು. ಔಷಧ ಹೋಗಿ ಔಷದ ಆಗಿತ್ತು. ಕಣ್ಣು ಮಂಜಾದವರಿಗೆ ಆ ಸಣ್ಣ ಸೀಳೇ ಆಧಾರ. ಅದನ್ನೇ ನಾನು ದಪ್ಪ ಮಾಡಿ ಮುಚ್ಚಿದ್ದೆ.

ಬೋಲ್ಡ್ ತೆಗೆದು ರೆಗ್ಯುಲರ್ ಮಾಡಿದೆ. ಸ್ಪೇಸಿಂಗ್ ಅಕ್ಷರಕ್ಕೆ ತಕ್ಕಂತೆ ಹಿಗ್ಗುವ 'ಮಲ್ಟಿಪಲ್' 1.3ಕ್ಕೆ ಹೋಯಿತು. ಪುಟ ಮೂರಾಯಿತು. ಜಾಸ್ತಿ ಹೊತ್ತು ಹಿಡಿದದ್ದು ಫಾಂಟ್ ಅಲ್ಲ, ಡಾಕ್ಟರ ಉದ್ದುದ್ದ ವಾಕ್ಯಗಳನ್ನು ಕತ್ತರಿಸಿ ಮತ್ತೆ ಎರಡಕ್ಕೆ ಇಳಿಸುವುದು. ಈಗ ಯಾವ ಫಾಂಟ್ ಬಂದರೂ ಒತ್ತು, ಮಹಾಪ್ರಾಣ ತುಂಬಿದ ಒಂದು ಸಾಲು ಹೊಡೆದು, ಎರಡು ಸಲ ಜೆರಾಕ್ಸ್ ಮಾಡಿ ನೋಡುತ್ತೇನೆ.

ನಮ್ಮ ಹಳೇ ಹಾಳೆಗಳೆಲ್ಲ ಇನ್ನೂ ನುಡಿ ಸಾಫ್ಟ್‌ವೇರಿನ ಆಸ್ಕಿ ಫಾಂಟಿನಲ್ಲೇ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಬಗೆಯ ಫಾಂಟಿನಲ್ಲೇ, ಇವೆ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಅವು ಕನ್ನಡವೇ ಅಲ್ಲ, ಏನೇನೋ ಒದರುತ್ತದೆ. ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸಲು ಒಬ್ಬರನ್ನು ಕೊಡಿ ಅಂದರೆ "ಆಕ್ಸೆಸಿಬಲ್ ಫಾಂಟ್ ಹಾಕಿದ್ದೀವಲ್ಲ" ಅಂತಾರೆ.