ಬೆಳಿಗ್ಗೆ ಸರಿ, ರಾತ್ರಿ ಕಿವುಡು

“ಬೆಳಿಗ್ಗೆ ಸರಿಯಾಗೇ ಇರುತ್ತೆ, ರಾತ್ರಿ ಮಾತ್ರ ಕೈ ಕೊಡುತ್ತೆ.” ಈ ವಾರ ಬಾಗಿಲಿನ ಸೆನ್ಸರ್ ಒಂದರ ಬಗ್ಗೆ ಬಂದ ದೂರು ಇಷ್ಟೇ. ಮೂರು ಸಲ ಬ್ಯಾಟರಿ ಬದಲಾಗಿತ್ತು, ಕೊನೆಗೆ ಸೆನ್ಸರನ್ನೂ ಬದಲಿಸಿದ್ದರು. ಆದರೂ ರಾತ್ರಿ ಬಾಗಿಲು ತೆಗೆದರೆ ಸೆನ್ಸರಿನ ಕೆಂಪು ದೀಪ ಮಿನುಗುತ್ತದೆ, ಅದರ ರೇಡಿಯೊ ಸಂದೇಶ ಹಿಡಿದು ದಾಖಲಿಸಬೇಕಾದ ಹಬ್ ಸುಮ್ಮನಿರುತ್ತದೆ. ಮತ್ತೆ ತೆಗೆದರೆ ಮತ್ತೆ ಮಿನುಗು, ಮತ್ತೆ ಮೌನ.

ಆ ಮಿನುಗಿನಲ್ಲೇ ಅರ್ಧ ಉತ್ತರವಿತ್ತು. ದೀಪ ಹೊತ್ತಿತೆಂದರೆ ಸೆನ್ಸರ್ ತನ್ನ ಪಾಡಿಗೆ ಹೇಳಬೇಕಾದ್ದನ್ನು ಹೇಳುತ್ತಿದೆ, ಕೇಳಿಸದಿರುವುದು ಹಬ್‌ಗೆ. 433 ಮೆಗಾಹರ್ಟ್ಸ್‌ನ ಅಗ್ಗದ ಸೆನ್ಸರ್‌ಗಳು ಬಹುಪಾಲು ಒಮ್ಮುಖ. ಒಂದೇ ಸಂದೇಶವನ್ನು ನಾಲ್ಕಾರು ಸಲ ಕಳಿಸಿ ಮಲಗಿಬಿಡುತ್ತವೆ, ತಲುಪಿತೇ ಎಂದು ವಿಚಾರಿಸುವುದಿಲ್ಲ.

ಹಬ್ ಇದ್ದದ್ದು ಟಿವಿ ಸ್ಟ್ಯಾಂಡಿನ ಹಿಂದೆ, ಎಕ್ಸ್‌ಟೆನ್ಶನ್ ಬೋರ್ಡಿಗೆ ಒರಗಿಕೊಂಡು, ಮೊಬೈಲ್ ಚಾರ್ಜರಿನಿಂದ ನಾಲ್ಕು ಬೆರಳು ದೂರದಲ್ಲಿ. ವೈರು ಕಣ್ಣಿಗೆ ಬೀಳಬಾರದೆಂದು ಎಲ್ಲವನ್ನೂ ಒಂದೇ ಮೂಲೆಗೆ ತುರುಕುವ ಫಿಟ್ಟಿಂಗ್‌ನವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನೋಡಲು ಅಚ್ಚುಕಟ್ಟು, ರೇಡಿಯೊಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಚಾರ್ಜರಿನೊಳಗಿನ ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ, ಎಷ್ಟೋ ಚಾರ್ಜರುಗಳಲ್ಲಿ ಲಕ್ಷಕ್ಕೂ ಹೆಚ್ಚು ಸಲ, ಆನ್-ಆಫ್ ಆಗುತ್ತದೆ. ಆ ಏರಿಳಿತ ಎಷ್ಟು ಚುರುಕೋ ಅದರ ಗುಣಕ ಫ್ರೀಕ್ವೆನ್ಸಿಗಳು, ಅಂದರೆ ಹಾರ್ಮೋನಿಕ್ಸ್, ಅಷ್ಟು ಮೇಲಕ್ಕೆ, ನೂರಾರು ಮೆಗಾಹರ್ಟ್ಸ್‌ವರೆಗೂ, ಹಬ್ಬುತ್ತವೆ. ಅದನ್ನು ತಡೆಯಲು ಕಾಮನ್ ಮೋಡ್ ಚೋಕ್, ವೈ ಕೆಪಾಸಿಟರ್ ಎಂಬ ಫಿಲ್ಟರ್ ಬಿಡಿಭಾಗಗಳು ಬೇಕು. ಖರ್ಚು ಉಳಿಸುವವರು ಮೊದಲು ಬಿಡುವುದು ಇವನ್ನೇ. ಚಾರ್ಜರಿನ ವೈರು ಆ ಗದ್ದಲಕ್ಕೆ ಆಂಟೆನಾ ಆಗುತ್ತದೆ, ಸೆನ್ಸರಿನ ಸಂದೇಶ ಅದರಲ್ಲಿ ಮುಳುಗಿಹೋಗುತ್ತದೆ.

ಆದರೆ ಬೆಳಿಗ್ಗೆ ಏಕೆ ಸರಿ? ಚಾರ್ಜರ್ ದಿನವಿಡೀ ಸಾಕೆಟ್‌ನಲ್ಲೇ ಇರುತ್ತಿದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಗದ್ದಲ ಜೋರಾಗುವುದು ಕರೆಂಟ್ ಎಳೆದಾಗ. ರಾತ್ರಿ ಖಾಲಿ ಫೋನ್ ಸಿಕ್ಕಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ತುಂಬಿ, ಚಾರ್ಜರ್ ತಣ್ಣಗಾಗಿರುತ್ತದೆ. ಹಾಗಾಗಿ ಪರೀಕ್ಷಿಸುವಾಗ ಖಾಲಿ ಚಾರ್ಜರ್ ಚುಚ್ಚಿ ನೋಡಿದರೆ ಏನೂ ಗೊತ್ತಾಗದು. ಅರ್ಧಕ್ಕಿಂತ ಕಡಿಮೆ ಚಾರ್ಜ್ ಇರುವ ಫೋನ್ ಹಾಕಿಯೇ ನೋಡಬೇಕು.

ಹಬ್‌ನ ಅಡಾಪ್ಟರ್ ಒಂದನ್ನು ಬಿಟ್ಟು ಬೋರ್ಡಿನಲ್ಲಿದ್ದ ಎಲ್ಲವನ್ನೂ ಕಿತ್ತು, ಬಾಗಿಲನ್ನು ಹತ್ತು ಸಲ ತೆಗೆದಾಗ ಹತ್ತೂ ದಾಖಲಾದವು. ಆಮೇಲೆ ಒಂದೊಂದನ್ನೇ ಲೋಡ್ ಸಮೇತ ಹಾಕುತ್ತಾ ಪ್ರತಿ ಸಲವೂ ಹತ್ತು. ಮೊಬೈಲ್ ಚಾರ್ಜರಿನ ಸರದಿ ಬಂದಾಗ ಹತ್ತಕ್ಕೆ ಎರಡು. ಹಬ್ ಒಂಟಿಯಾಗಿದ್ದಾಗಲೂ ಎಣಿಕೆ ತಪ್ಪಿದ್ದರೆ ಹಬ್‌ನದೇ ಅಡಾಪ್ಟರ್ ಬದಲಿಸಬೇಕಿತ್ತು: ವೋಲ್ಟೇಜ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು.

ಮೊದಲ ಮದ್ದು ದೂರ. ಹಬ್ಬನ್ನು ಬೋರ್ಡಿನಿಂದ ಎರಡು ಮೀಟರ್ ಆಚೆ ಎತ್ತರದಲ್ಲಿಟ್ಟರೆ ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕು. ಜಾಗವಿಲ್ಲದಿದ್ದರೆ ಚಾರ್ಜರಿನ ವೈರಿಗೆ ಫೆರೈಟ್ ಕ್ಲಿಪ್ (ವೈರಿನ ಗದ್ದಲ ತಗ್ಗಿಸುವ ಕಾಂತೀಯ ಉಂಗುರ), ಅದೂ ಚಾರ್ಜರಿಗೆ ಅಂಟಿದಂತೆ. ಫೋನಿನ ತುದಿಯಲ್ಲಿ ಹಾಕಿದರೆ ನಡುವಿನ ವೈರೆಲ್ಲ ಆಂಟೆನಾ ಆಗಿಯೇ ಉಳಿಯುತ್ತದೆ. ವೈರನ್ನು ಅದರೊಳಗೆ ಎರಡು ಸುತ್ತು ಹಾಯಿಸಿ. ಹೆಚ್ಚು ಸುತ್ತಿದರೆ ಇನ್ನೂ ಒಳ್ಳೆಯದು ಅನ್ನುವುದು ಇಷ್ಟು ಎತ್ತರದ ಫ್ರೀಕ್ವೆನ್ಸಿಯಲ್ಲಿ ನಿಲ್ಲುವುದಿಲ್ಲ, ಸುತ್ತಿನಿಂದ ಸುತ್ತಿಗೆ ಗದ್ದಲ ಜಿಗಿದುಬಿಡುತ್ತದೆ.

ಜಿಗ್‌ಬೀ (2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುವ ಸೆನ್ಸರ್ ಜಾಲ) ಇರುವವರು ಅಡಾಪ್ಟರ್ ಬೈಯುವ ಮೊದಲು ಯುಎಸ್‌ಬಿ 3.0 ಪೋರ್ಟ್ ನೋಡಿ. ಅದರ ಗದ್ದಲ ಬೀಳುವುದು ನೇರ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆ. ಡಾಂಗಲನ್ನು (ಯುಎಸ್‌ಬಿಗೆ ಸಿಕ್ಕಿಸುವ ಜಿಗ್‌ಬೀ ರೇಡಿಯೊ) ಒಂದು ಮೀಟರ್ ಶೀಲ್ಡ್ ಇರುವ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ, ಯುಎಸ್‌ಬಿ 2.0 ಪೋರ್ಟಿಗೆ ಹಾಕಿ.

ಚಾರ್ಜರ್ ಈಗ ಎದುರು ಗೋಡೆಯ ಸಾಕೆಟ್‌ನಲ್ಲಿದೆ, ಹಬ್ ಸ್ಟ್ಯಾಂಡಿನ ಮೇಲೆ ಬಂದಿದೆ. ತೆಗೆದಿಟ್ಟಿದ್ದ ಮೂರು ಬ್ಯಾಟರಿಗಳನ್ನು ಅದೇ ರಾತ್ರಿ ಮಲ್ಟಿಮೀಟರಿಗೆ ಹಿಡಿದಾಗ ಮೂರೂ 3 ವೋಲ್ಟ್ ತೋರಿಸಿದವು, ಒಂದೂ ಸತ್ತಿರಲಿಲ್ಲ.