'ಬೆನ್ನು' ಎಂಬ ಫೋಲ್ಡರ್

ನನ್ನ ಕಂಪ್ಯೂಟರಿನಲ್ಲಿ 'ಬೆನ್ನು' ಅಂತ ಒಂದು ಫೋಲ್ಡರ್ ಇದೆ. ಹೆಸರಿಟ್ಟವಳು ಮಗಳು, ಆಗ ಅವಳಿಗೆ ಒಂಬತ್ತು ವರ್ಷ. ಒಂದು ಭಾನುವಾರ ಬೆಳಗಿನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಕೂತಿದ್ದೆ. ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದವಳು, "ಅಪ್ಪಾ, ಇದೂ ಹೋಗ್ತಾ ಇದೆ, ಅದೂ ಹೋಗ್ತಾ ಇತ್ತು. ಒಂದಾದ್ರೂ ನಿನ್ನ ಕಡೆ ನೋಡಲ್ವಾ?" ಅಂದಳು. ಇಬ್ಬರೂ ಕೂತು ಎಣಿಸಿದೆವು. ಆ ದಿನದ 340 ಫೋಟೋಗಳಲ್ಲಿ 211ರಲ್ಲಿ ಇದ್ದದ್ದು ಬಾಲ, ರೆಕ್ಕೆಯ ಹಿಂಭಾಗ, ಇಲ್ಲವೇ ಪೊದೆಯೊಳಗೆ ನುಸುಳುತ್ತಿರುವ ಅರ್ಧ ಮೊಲ. ಅಳಿಸಲು ಹೊರಟವನ ಕೈಯಿಂದ ಮೌಸ್ ಕಿತ್ತುಕೊಂಡು, ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಿ ಹೆಸರು ಕೊಟ್ಟಳು.

ವಾರವಿಡೀ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಈ ಹುಚ್ಚು ಹಿಡಿದದ್ದು ನಲವತ್ತೊಂದನೆಯ ವಯಸ್ಸಿಗೆ, ಸಹೋದ್ಯೋಗಿಯೊಬ್ಬರು ಮಾರಲಿಟ್ಟಿದ್ದ ಹಳೆಯ ಕ್ಯಾಮೆರಾ ಮತ್ತು 70-300 ಮಿ.ಮೀ. ಲೆನ್ಸಿನಿಂದ. ಮೊದಲ ಆರು ತಿಂಗಳು ನಾನು ತೆಗೆದ ಹಕ್ಕಿಗಳೆಲ್ಲ ಚುಕ್ಕೆಗಳು. "ಇದೇನು, ಎಲೆಯಾ?" ಎಂದವರಿಗೆ ಬೆರಳಿಟ್ಟು ಕೊಕ್ಕು ತೋರಿಸಬೇಕಾಗಿತ್ತು. ಎಲ್ಲರೂ ಮಾಡುವಂತೆ ನಾನೂ ತಪ್ಪನ್ನು ಲೆನ್ಸಿನ ಮೇಲೆ ಹೊರಿಸಿದೆ. ವರ್ಷ ತುಂಬುವುದರೊಳಗೆ 150-600 ಬಂತು. ಎರಡು ಕೆ.ಜಿ. ಸಾಮಾನು, ಮಧ್ಯಾಹ್ನದ ಹೊತ್ತಿಗೆ ಭುಜ ಸೋತು ಹೋಗುತ್ತಿತ್ತು. ಚುಕ್ಕೆ ದೊಡ್ಡದಾಯಿತು ನಿಜ. ಆದರೆ ದೊಡ್ಡದಾಗಿ ಕಂಡದ್ದೂ ಬೆನ್ನೇ.

ಕ್ಯಾಮೆರಾದ ವಿದ್ಯೆಯನ್ನು ನಾನು ಹೇಳಿಕೊಡಬೇಕಾಗಿಲ್ಲ, ಅದು ಎಲ್ಲೆಡೆ ಸಿಗುತ್ತದೆ. ನನ್ನನ್ನು ಬಹಳ ದಿನ ಕಾಡಿದ ಎರಡನ್ನು ಮಾತ್ರ ಹೇಳುತ್ತೇನೆ. ಒಂದು, ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ, ಹೆಚ್ಚಿಸಿದರೆ ಚಿತ್ರ ಮರಳು ಮರಳಾಗುತ್ತದೆಂಬ ಭಯ. ಆ ಭಯಕ್ಕೆ ಶಟರ್ ವೇಗವನ್ನು 1/500 ಸೆಕೆಂಡಿನಲ್ಲೇ ಇಟ್ಟುಕೊಂಡು ಒಂದಿಡೀ ಚಳಿಗಾಲದ ಹಾರುವ ಹಕ್ಕಿಗಳನ್ನೆಲ್ಲ ಬೂದಿ ಬಣ್ಣದ ಗಂಜಿ ಮಾಡಿದೆ. ಸಣ್ಣ ಹಕ್ಕಿಯ ರೆಕ್ಕೆ ನಿಲ್ಲಬೇಕಾದರೆ 1/2000, ಕೆಲವೊಮ್ಮೆ 1/3200 ಬೇಕು. ಮರಳನ್ನು ಆಮೇಲೆ ಎಷ್ಟೋ ಸರಿಪಡಿಸಬಹುದು, ಅಲುಗಿದ್ದು ಮಾತ್ರ ಅಲುಗಿದ್ದೇ. ಇನ್ನೊಂದು, ಉದ್ದ ಲೆನ್ಸ್ ದೂರವನ್ನು ಅಳಿಸಿಹಾಕುತ್ತದೆ ಎಂಬ ಭ್ರಮೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿ ಲೆನ್ಸಿಗೂ ಪ್ರಾಣಿಗೂ ನಡುವೆ ನೀರಿನ ಪರದೆಯಂತೆ ನಡುಗುತ್ತಿರುತ್ತದೆ. ಎಂಥ ದುಬಾರಿ ಗಾಜೂ ಅದನ್ನು ದಾಟಲಾರದು. ಫೋಕಸ್ ಕೆಟ್ಟಿದೆಯೆಂದು ಲೆನ್ಸನ್ನು ರಿಪೇರಿಗೆ ಒಯ್ದವನು ನಾನು. ಅವರು ಏನೂ ಆಗಿಲ್ಲವೆಂದು ವಾಪಸು ಕೊಟ್ಟರು, ನಾನು ನಂಬಲಿಲ್ಲ.

ಅಂದರೆ ಹತ್ತಿರ ಹೋಗಲೇಬೇಕು. ಹೋದರೆ ಬೆನ್ನು.

ಹೈನಿ ಹೆಡಿಗರ್ ಎಂಬ ಸ್ವಿಸ್ ಪ್ರಾಣಿಶಾಸ್ತ್ರಜ್ಞ ಇದಕ್ಕೊಂದು ಹೆಸರು ಕೊಟ್ಟಿದ್ದಾರೆ: ಪಲಾಯನ ದೂರ. ಪ್ರತಿ ಪ್ರಾಣಿಯ ಸುತ್ತಲೂ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ, ಶತ್ರು ಅದರೊಳಗೆ ಕಾಲಿಟ್ಟರೆ ಅದು ಓಡುತ್ತದೆ. ಇದನ್ನು ಓದಿದ ದಿನ 'ಬೆನ್ನು' ಫೋಲ್ಡರನ್ನು ತೆರೆದು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಬೆನ್ನಿನ ಫೋಟೋಗಿಂತ ಅದರ ಹಿಂದಿನ ನಾಲ್ಕೈದು ಫ್ರೇಮುಗಳಲ್ಲಿ ಎಲ್ಲವೂ ಬರೆದಿಟ್ಟಂತಿತ್ತು. ಮೇಯುತ್ತಿದ್ದದ್ದು ತಲೆಯೆತ್ತಿದೆ. ಆಮೇಲೆ ಕಿವಿ ನನ್ನ ಕಡೆ ತಿರುಗಿದೆ. ಹಕ್ಕಿಯಾದರೆ ಗರಿಗಳನ್ನು ಮೈಗೆ ಒತ್ತಿಕೊಂಡು ತೆಳ್ಳಗಾಗಿದೆ, ಮೊಣಕಾಲು ಬಗ್ಗಿಸಿದೆ, ಎಷ್ಟೋ ಸಲ ಒಂದು ಹಿಕ್ಕೆ ಹಾಕಿ ಹಗುರಾಗಿದೆ. ನಾನು ಆ ಹೊತ್ತಿಗೆ ಕಣ್ಣಿಗೆ ಫೋಕಸ್ ಕೂತಿತೆಂಬ ಖುಷಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿರುತ್ತಿದ್ದೆ.

ಅಲ್ಲಿಂದ ಮುಂದೆ ಅಭ್ಯಾಸ ಬದಲಾಯಿಸಿದೆ. ತಲೆಯೆತ್ತಿದರೆ ನಿಲ್ಲುವುದು. ಮತ್ತೆ ಮೇಯುವವರೆಗೆ ಅಲುಗದಿರುವುದು. ಎರಡನೆಯ ಸಲ ಎತ್ತಿದರೆ ಅಲ್ಲೇ ಕೂತುಬಿಡುವುದು. ನೇರ ನಡೆಯದೆ ಓರೆಯಾಗಿ, ಬೇರೆಲ್ಲಿಗೋ ಹೋಗುವವನಂತೆ ನಡೆಯುವುದು. ಗಾಳಿಯ ವಿಷಯದಲ್ಲಿ ಮಾತ್ರ ಇವತ್ತಿಗೂ ಪೇಚಾಟ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಹಾಗಾಗಿ ಗಾಳಿ ನನ್ನ ಬೆನ್ನಿಗಿದ್ದರೆ ಅವು ನನ್ನತ್ತ ಮುಖ ಮಾಡಿ ಹಾರುತ್ತವೆ. ಮೊಲಕ್ಕೂ ಜಿಂಕೆಗೂ ಅದೇ ಗಾಳಿ ನನ್ನ ಬೆವರಿನ ವಾಸನೆಯನ್ನು ಮುಂಚಿತವಾಗಿ ತಲುಪಿಸುತ್ತದೆ. ಮನೆ ಬಿಡುವಾಗಲೇ ಇವತ್ತು ಯಾರಿಗೆ ಮೋಸ ಮಾಡುವುದೆಂದು ತೀರ್ಮಾನಿಸಿಕೊಂಡು ಹೊರಡಬೇಕು.

ಈ ಹವ್ಯಾಸವೇ ಬೇಟೆಯ ತಮ್ಮ. ಜಾರ್ಜ್ ಶೀರಾಸ್ ಎಂಬ ಅಮೆರಿಕದ ಬೇಟೆಗಾರ ಕತ್ತಲಲ್ಲಿ ದೋಣಿಯಲ್ಲಿ ಕೂತು, ದೀಪದ ಬೆಳಕಿಗೆ ಕಣ್ಣು ಮಿಂಚಿದ ಜಿಂಕೆಯನ್ನು ಹೊಡೆಯುವ ಹಳೆಯ ಉಪಾಯವನ್ನೇ ಬಳಸಿ, ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಮತ್ತು ಸಿಡಿಯುವ ಫ್ಲಾಶ್ ಪುಡಿ ಇಟ್ಟ. 1906ರ ಜುಲೈ ಸಂಚಿಕೆಯಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಅವನ 74 ಚಿತ್ರಗಳನ್ನು ಅಚ್ಚು ಹಾಕಿತು. ಇಂಗ್ಲೆಂಡಿನ ಕೀರ್ಟನ್ ಸೋದರರು ಇನ್ನೂ ತಮಾಷೆ. ಟೊಳ್ಳು ಎತ್ತಿನ ಬೊಂಬೆ ಮಾಡಿ ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನಿಂತು ಹಕ್ಕಿಗಳನ್ನು ತೆಗೆದರು. ಹಸಿರು ಬಲೆ ಹೊದ್ದು ಪೊದೆಯ ಪಕ್ಕ ಕೂರುವಾಗ ನಗು ಬಂದರೆ ಆ ಎತ್ತನ್ನು ನೆನೆಸಿಕೊಳ್ಳುತ್ತೇನೆ.

ಇಷ್ಟೆಲ್ಲ ಕಲಿತೆನೆಂಬ ಜಂಭದಲ್ಲಿದ್ದಾಗಲೇ ಮಿಂಚುಳ್ಳಿಯ ಪ್ರಸಂಗ ನಡೆದದ್ದು.

ಹಳ್ಳದ ಮೇಲೆ ಬಾಗಿದ ಒಣಕೊಂಬೆಯೊಂದಿತ್ತು. ಅದಕ್ಕೆ ದಿನವೂ ಒಂದು ಹೆಣ್ಣು ಮಿಂಚುಳ್ಳಿ ಬರುತ್ತದೆಂದು ಗೊತ್ತುಮಾಡಿಕೊಂಡಿದ್ದೆ. ಹೆಣ್ಣೆಂದು ತಿಳಿಯುವುದು ಸುಲಭ, ಅದರ ಕೆಳಕೊಕ್ಕು ಕಿತ್ತಳೆಗೆಂಪು, ಗಂಡಿನದು ಕಪ್ಪು. ಕೊಂಬೆಯಿಂದ ಹನ್ನೆರಡು ಮೀಟರು ದೂರದಲ್ಲಿ, ಎತ್ತರದ ಮಣ್ಣಿನ ದಡದ ಅಂಚಿನಲ್ಲಿ ಚಾಪೆ ಹಾಸಿ, ಬಲೆ ಹೊದ್ದು ಬೋರಲು ಮಲಗಿದೆ. ಬೆಳಗ್ಗೆ ಆರಕ್ಕೇ ಹಾಜರು. ಅದು ಬಂತು. ತಲೆಯನ್ನು ಮೇಲೆ ಕೆಳಗೆ ಆಡಿಸಿ ನೀರಿನೊಳಗಿನ ದೂರ ಅಳೆಯಿತು, ಮುಳುಗಿತು, ಮೀನು ಹಿಡಿದು ಕೊಂಬೆಗೆ ಮರಳಿತು. ಮೀನನ್ನು ಕೊಂಬೆಗೆ ಬಡಿದು, ಕೊಕ್ಕಿನಲ್ಲಿ ತಿರುಗಿಸಿ ಹಿಡಿದುಕೊಂಡು, ಸುಮ್ಮನೆ ಕೂತಿತು.

ಎಂಥ ಸುಮ್ಮನೆ! ನುಂಗಲೂ ಇಲ್ಲ, ಹಾರಲೂ ಇಲ್ಲ. ನನಗಾಗಿಯೇ ಕೂತಂತೆ. 180 ಫ್ರೇಮ್ ತೆಗೆದೆ. ಅದರಲ್ಲೊಂದು, ಎದೆಯ ಕಿತ್ತಳೆ, ಕಣ್ಣೊಳಗೆ ಬೆಳಕಿನ ಚುಕ್ಕೆ, ಕೊಕ್ಕಿನ ತುದಿಯಲ್ಲಿ ಹೊಳೆಯುವ ಮೀನು, ಹಿಂದೆ ಕರಗಿದ ಹಸಿರು. ಇಷ್ಟು ವರ್ಷಗಳಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರ. ವಾರದೊಳಗೆ ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಹಾಕಿದೆ. ಬಂದವರೆಲ್ಲ ಅದರ ಮುಂದೆ ನಿಂತರು.

ಆಮೇಲೊಂದು ರಾತ್ರಿ ಮಿಂಚುಳ್ಳಿಯ ಬಗ್ಗೆ ಓದುತ್ತಿದ್ದೆ. ಮೊದಲೇ ಓದಬೇಕಿತ್ತು. ತಾನೇ ತಿನ್ನುವುದಾದರೆ ಅದು ಮೀನಿನ ತಲೆಯನ್ನು ತನ್ನ ಗಂಟಲಿನ ಕಡೆಗೆ ತಿರುಗಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಈಜುರೆಕ್ಕೆಗಳೂ ಹುರುಪೆಗಳೂ ಅಡ್ಡ ಬರುತ್ತವೆ. ತಲೆ ಹೊರಮುಖವಾಗಿ ಹಿಡಿದಿದ್ದರೆ ಆ ಮೀನು ಬೇರೆಯವರ ಬಾಯಿಗೆ. ಸಂಗಾತಿಗೆ, ಅಥವಾ ಮರಿಗೆ.

ಎದ್ದು ಹೋಗಿ ಗೋಡೆಯ ಚಿತ್ರ ನೋಡಿದೆ. ಮೀನಿನ ತಲೆ ಹೊರಗಿತ್ತು.

ಕಂಪ್ಯೂಟರ್ ಹಾಕಿ ಫ್ರೇಮುಗಳ ಹೊತ್ತು ನೋಡಿದೆ. ಮೊದಲನೆಯದು 7 ಗಂಟೆ 42 ನಿಮಿಷ. ಕೊನೆಯದು 7 ಗಂಟೆ 51. ಒಂಬತ್ತು ನಿಮಿಷ ಅದು ಬಾಯಲ್ಲಿ ಮರಿಯ ತುತ್ತು ಹಿಡಿದು ಕೂತಿತ್ತು. ಕಡೆಯ ಮೂರು ಫ್ರೇಮುಗಳನ್ನು ನಾನು ಆಗಲೇ 'ಬೆನ್ನು' ಫೋಲ್ಡರಿಗೆ ತಳ್ಳಿದ್ದೆ. ಮೀನು ಕೊಕ್ಕಿನಲ್ಲೇ ಇತ್ತು, ಹಕ್ಕಿ ಹಳ್ಳದ ಮೇಲ್ಗಡೆಗೆ ಹೊರಟಿತ್ತು.

ಮಿಂಚುಳ್ಳಿಯ ಮರಿಗಳು ಗೂಡಿನಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಇರುತ್ತವೆ. ಎರಡು ವಾರವಷ್ಟೇ ಕಳೆದಿತ್ತು. ಶನಿವಾರ ಬೆಳಗ್ಗೆ ಹಳ್ಳದ ಆಚೆ ದಡಕ್ಕೆ ಹೋಗಿ, ದೂರದಿಂದ ದುರ್ಬೀನು ಹಿಡಿದು ಈಚೆ ದಡವನ್ನು ನೋಡಿದೆ. ನಾನು ಚಾಪೆ ಹಾಸಿದ್ದ ಅಂಚು ಗೊತ್ತಾಯಿತು, ಹುಲ್ಲು ಇನ್ನೂ ಬಾಗಿತ್ತು. ಅದರ ಕೆಳಗೆ ಅರ್ಧ ಮೀಟರು ಇಳಿದರೆ ಮಣ್ಣಿನ ಗೋಡೆಯಲ್ಲಿ ಒಂದು ದುಂಡು ತೂತು, ತೂತಿನಿಂದ ಕೆಳಗೆ ಇಳಿದ ಬಿಳಿ ಹಿಕ್ಕೆಯ ಗೆರೆ. ಅವುಗಳ ಸುರಂಗ ಒಂದು ಮೀಟರಿನ ಹತ್ತಿರ ಉದ್ದವಿರುವುದುಂಟು. ಲೆಕ್ಕ ಹಾಕಿದರೆ ಮರಿಗಳು ಇದ್ದದ್ದು ನನ್ನ ಎದೆಯ ನೇರ ಕೆಳಗೆ.

2009ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಬೇಲಿ ಹಾರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಕೊಟ್ಟು, ಅದು ಪಳಗಿದ ತೋಳವಿರಬೇಕೆಂಬ ತೀರ್ಮಾನಕ್ಕೆ ಬಂದು ಮುಂದಿನ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡರು. ಆಗ ಆ ಚಿತ್ರದ ಮೇಲೆ ಎಲ್ಲರಿಗಿಂತ ಜೋರಾಗಿ ರೇಗಿದವನು ನಾನು. ನನ್ನ ಚಿತ್ರದಲ್ಲಿ ಸುಳ್ಳೇನೂ ಇಲ್ಲ, ಕಾಡಿನ ಹಕ್ಕಿ, ನಿಜವಾದ ಮೀನು. ಅದನ್ನು ಗೋಡೆಯಿಂದ ಇಳಿಸಿಲ್ಲ. ಹೊಗಳಿದವರಿಗೆ ಒಂಬತ್ತು ನಿಮಿಷದ ಕಥೆ ಹೇಳುತ್ತೇನೆ, ಕೆಲವರು ಮುಖ ಸಪ್ಪಗೆ ಮಾಡಿಕೊಂಡು ಮಾತು ಬದಲಿಸುತ್ತಾರೆ.

ಆ ಶನಿವಾರ ನಲವತ್ತು ಮೀಟರು ದೂರದಲ್ಲೇ ಉಳಿದೆ. ಹೆಣ್ಣೂ ಗಂಡೂ ಸರದಿಯಂತೆ ಬಂದವು. ಒಣಕೊಂಬೆಯಲ್ಲಿ ಒಂದು ಕ್ಷಣವೂ ಕೂರದೆ ನೀರಿನ ಮೇಲೆ ತೇಲಿದಂತೆ ಬಂದು ನೆಟ್ಟಗೆ ತೂತಿನೊಳಗೆ ಹೋದವು. ಒಂದು ಗಂಟೆಯಲ್ಲಿ ಏಳು ಸಲ. ಒಂದೇ ಒಂದು ಫ್ರೇಮಿನಲ್ಲಿ ಬೆನ್ನು ಬೆಳಕಿಗೆ ಸರಿಯಾಗಿ ಸಿಕ್ಕಿತ್ತು. ಮಿಂಚುಳ್ಳಿಯ ಬೆನ್ನಿನಲ್ಲಿ ನೀಲಿ ಬಣ್ಣದ್ರವ್ಯವೇ ಇಲ್ಲವಂತೆ, ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಆ ನೀಲಿಯನ್ನು ಹುಟ್ಟಿಸುತ್ತದೆ. ಎದೆಯ ಕಡೆಯಿಂದ ತೆಗೆದರೆ ಅದು ಕಾಣುವುದೇ ಅಷ್ಟಕ್ಕಷ್ಟೆ.

ರಾತ್ರಿ ಮಗಳು ಬಂದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ಈಗ ಅವಳಿಗೆ ಹದಿಮೂರು.

"ಇದೇನಪ್ಪಾ ಚುಕ್ಕೆ? ಎಲೆಯಾ?"

"ಮಿಂಚುಳ್ಳಿ. ಗೂಡಿಗೆ ಹೋಗ್ತಾ ಇದೆ."

"ಹಾಗಾದ್ರೆ ಬೆನ್ನಿಗೆ ಹಾಕ್ಲಾ?"

"ಹಾಕು," ಅಂದೆ.